ಹಳೇ ಚೌಕಟ್ಟಿಗೆ ಹೊಸ ಕದ

ಮದ್ದೂರು ತಾಲ್ಲೂಕಿನ ವೈದ್ಯನಾಥಪುರ ಶಿಂಷಾ ನದಿಯ ದಂಡೆಯ ಊರು. ಹೊಳೆ, ಗದ್ದೆ, ಕಬ್ಬು, ತೆಂಗು ಇರುವ ಕಡೆ ಗಾಳಿಯಲ್ಲೇ ತೇವ. ಅದರ ಪೆಟ್ಟು ಮೊದಲು ಬೀಳುವುದು ಮುಂಬಾಗಿಲಿಗೆ. ಮಂಡ್ಯ ಸೀಮೆಯಲ್ಲಿ ಮಳೆ ಜೋರಾಗುವ ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಕದ, ಮಾರ್ಚ್‌ ಬಿಸಿಲಿಗೆ ಕುಗ್ಗಿ ಸಂದು ಬಿಡುತ್ತದೆ. ವರ್ಷಗಟ್ಟಲೆ ಇದೇ ನಡೆದು, ಕೊನೆಗೊಂದು ದಿನ ಕೆಳ ಅಂಚು ಲಡ್ಡಾಗುತ್ತದೆ.

ಆಗ ಕದ ಬದಲಾಯಿಸುತ್ತೇವೆಯೇ ಹೊರತು ಚೌಕಟ್ಟು ಕೀಳಲು ಮನಸ್ಸು ಬರುವುದಿಲ್ಲ. ಪೂಜೆ ಮಾಡಿ ನಿಲ್ಲಿಸಿದ್ದು, ದಿನಾ ಅರಿಶಿನ ಕುಂಕುಮ ಕಂಡ ಹೊಸ್ತಿಲು. ಬಡಗಿಯ ಕೈಚಳಕಕ್ಕೆ ನಿಜವಾದ ಪರೀಕ್ಷೆ ಇಲ್ಲಿದೆ: ಹೊಸ ಕದ ನೆಟ್ಟಗಿರುತ್ತದೆ, ಹಳೇ ಚೌಕಟ್ಟು ನೆಟ್ಟಗಿರುವುದಿಲ್ಲ.

ಆದ್ದರಿಂದಲೇ ಒಳ್ಳೆಯ ಆಚಾರ್ರು ಬಂದವರೇ ಮೊದಲು ಚೌಕಟ್ಟನ್ನು ನೋಡುತ್ತಾರೆ. ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯುತ್ತಾರೆ. ಎರಡೂ ಅಳತೆ ಒಂದೇ ಆದರೆ ಚೌಕ ಸರಿಯಿದೆ, ಇಲ್ಲದಿದ್ದರೆ ಗೋಡೆ ಕುಸಿದಿದೆ ಅಥವಾ ಮರ ವಾಲಿದೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಬೇರೆ ಬೇರೆಯಾಗಿ ಅಳೆಯುತ್ತಾರೆ. ತೂಗುಗುಂಡು ಬಿಟ್ಟು ನಿಲುವು ನೋಡುತ್ತಾರೆ. ಆಮೇಲೆ ಉಳಿಯ ಮೊನೆಯಿಂದ ಚೌಕಟ್ಟಿನ ಬುಡ ಚುಚ್ಚುತ್ತಾರೆ. ದಿನಾ ಹೊಸ್ತಿಲು ತೊಳೆದ ನೀರು ಇಳಿಯುವುದು ಅಲ್ಲಿಗೇ. ಮೆತ್ತಗಿದ್ದರೆ ಕೊಳೆತಷ್ಟನ್ನು ಮಾತ್ರ ಕೊಯ್ದು, ಕಚ್ಚು ಕೊಟ್ಟು ಹೊಸ ತುಂಡು ಸೇರಿಸಿದರೆ ಸಾಕು.

ಮರ ತೇಗವಾದರೆ ಒಳ್ಳೆಯದು. ಹಣ ಸಾಲದಿದ್ದರೆ ಚೆನ್ನಾಗಿ ಒಣಗಿದ ಹಲಸು ಅಥವಾ ಬೇವೂ ನಡೆಯುತ್ತದೆ. ಹಸಿ ತೇಗಕ್ಕಿಂತ ಒಣಗಿದ ಬೇವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು, ಹಿಗ್ಗುವುದೆಲ್ಲ ಅಡ್ಡಕ್ಕೆ. ಪ್ಯಾನೆಲ್ ಬಾಗಿಲಿನ ಜಾಣತನ ಅಲ್ಲಿದೆ. ನಡುವಿನ ಹಲಗೆಗಳಿಗೆ ಅಂಟು ಹಾಕದೆ, ಸುತ್ತಲ ಪಟ್ಟಿಗಳಲ್ಲಿ ಉದ್ದಕ್ಕೂ ಕೊರೆದ ಗಾಡಿಯಲ್ಲಿ ಸಡಿಲವಾಗಿ ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಹಲಗೆ ಗಾಡಿಯೊಳಗೇ ಉಬ್ಬುತ್ತದೆ, ಬಾಗಿಲಿನ ಅಗಲ ಹೆಚ್ಚು ಬದಲಾಗುವುದಿಲ್ಲ.

ಇನ್ನು ಕೂರಿಸುವುದು. ಕದವನ್ನು ಚೌಕಟ್ಟಿನ ಓರೆಗೆ ತಕ್ಕಂತೆ ಹೆರೆದು, ಅಡಿಗೆ ಬೆಣೆ ಕೊಟ್ಟು ನಿಲ್ಲಿಸಿ, ಸುತ್ತಲೂ ಸುಮಾರು 3 ಮಿಲಿಮೀಟರ್ ಸಂದು ಇದೆಯೇ ನೋಡುತ್ತಾರೆ. ಬೇಸಿಗೆಯಲ್ಲಿ ಕೂರಿಸುವುದಾದರೆ ತುಸು ಹೆಚ್ಚು ಬಿಡಬೇಕು. ಚಿಲಕದ ಕಡೆಯ ಅಂಚನ್ನು ಒಳಕ್ಕೆ ಕೊಂಚ ಓರೆಯಾಗಿ ಹೆರೆಯದಿದ್ದರೆ, ತಿರುಗುವಾಗ ಮೂಲೆ ಚೌಕಟ್ಟಿಗೆ ತಾಗುತ್ತದೆ.

ನಾನು ಕಣ್ಣು ಕೀಳದೆ ನೋಡುವುದು ಕೀಲು ಕೂರಿಸುವ ಕೆಲಸವನ್ನು. ಕೀಲನ್ನು ಮರದ ಮೇಲಿಟ್ಟು ಸುತ್ತ ಗೀರು ಎಳೆದು, ಗೀರಿನೊಳಗೆ ಅಡ್ಡಡ್ಡಲಾಗಿ ಉಳಿಯ ಏಟು ಹಾಕಿ, ಆಮೇಲೆ ಉಳಿಯನ್ನು ಮಲಗಿಸಿ ಪದರ ಪದರವಾಗಿ ತೆಗೆಯುತ್ತಾರೆ. ತಗಡಿನ ದಪ್ಪ ಎಷ್ಟೋ ಗುಂಡಿಯ ಆಳ ಅಷ್ಟೇ. ಬೆರಳು ಆಡಿಸಿದರೆ ಮರ ಮುಗಿದು ಲೋಹ ಶುರುವಾದದ್ದು ತಿಳಿಯಬಾರದು. ಆಳ ಹೆಚ್ಚಾದರೆ ಕದ ಮುಚ್ಚುವಾಗ ಬಿಗಿದು ಹಿಂದಕ್ಕೆ ಚಿಮ್ಮುತ್ತದೆ, ಕಡಿಮೆಯಾದರೆ ಸಂದು ಬಿಡುತ್ತದೆ. ಭಾರವೆಲ್ಲ ಮೇಲಿನ ಕೀಲನ್ನು ಹೊರಕ್ಕೆ ಎಳೆಯುವುದರಿಂದ, ಮುಂಬಾಗಿಲಿನ ಹೆಚ್ಚುವರಿ ಕೀಲು ಅದರ ಹತ್ತಿರವೇ ಇದ್ದರೆ ಹೆಚ್ಚು ಉಪಯೋಗ. ಹಿತ್ತಾಳೆ ಸ್ಕ್ರೂ ಗಟ್ಟಿ ಮರದಲ್ಲಿ ತುಂಡಾಗುವುದುಂಟು. ಅದಕ್ಕೆ ತೂತು ಕೊರೆದು, ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ತೆಗೆದು, ಹಿತ್ತಾಳೆಯದಕ್ಕೆ ಸೋಪು ಸವರಿ ಹಾಕುತ್ತಾರೆ.

ಅರ್ಧ ತೆರೆದು ಕೈಬಿಟ್ಟರೆ ಕದ ಇದ್ದಲ್ಲೇ ನಿಲ್ಲಬೇಕು. ತಾನಾಗಿ ಸರಿದರೆ ಕೀಲುಗಳು ಒಂದೇ ನೇರದಲ್ಲಿಲ್ಲ, ಅಥವಾ ಚೌಕಟ್ಟಿನ ವಾಲು ಉಳಿದಿದೆ. ಒಂದು ಕೀಲಿನ ಹಿಂದೆ ರಟ್ಟಿನ ಚೂರು ಇಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಬಣ್ಣ ಹೊಡೆಯುವಾಗ ಕದವನ್ನು ಒಮ್ಮೆ ಇಳಿಸಿ, ಕಣ್ಣಿಗೆ ಬೀಳದ ಮೇಲಂಚು ಕೆಳಂಚುಗಳಿಗೂ ಬಳಿಸಿಕೊಳ್ಳಿ. ಮರ ನೀರು ಕುಡಿಯುವುದು ಹೆಚ್ಚಾಗಿ ಆ ಅಂಚುಗಳಿಂದಲೇ.