ಲಾಗಿನ್ ಆಗುತ್ತೆ, ಕ್ಲಸ್ಟರ್ ಯಾಕೆ ಏಳಲ್ಲ?

ಪ್ರಾಜೆಕ್ಟಿನ ಸಿಮ್ಯುಲೇಷನ್ ಲ್ಯಾಪ್‌ಟಾಪಿನಲ್ಲಿ ರಾತ್ರಿಯೆಲ್ಲ ಓಡಿದ್ರೂ ಮುಗಿಯಲ್ಲ. ಲ್ಯಾಬಿನ ಲಿನಕ್ಸ್ ಮಷೀನುಗಳು ಮಾತ್ರ ಸುಮ್ಮನೆ ಕೂತಿರುತ್ತವೆ. ಅವುಗಳಿಗೂ ಕೆಲಸ ಹಂಚಬಹುದು. ಅದಕ್ಕೆ ಬೇಕಾದ ‘ಪ್ಯಾರಲಲ್’ ಪ್ಯಾಕೇಜು 2011ರ ಆರ್ 2.14.0 ಆವೃತ್ತಿಯಿಂದ ಆರ್ ಜೊತೆಗೇ ಬರುತ್ತಿದೆ.

ಮೊದಲು ಲ್ಯಾಬ್ ಇನ್‌ಚಾರ್ಜ್ ಅವರ ಅನುಮತಿ ತಗೊಳ್ಳಿ. ಎಲ್ಲ ಮಷೀನಿನಲ್ಲೂ ಆರ್ ಮತ್ತು ಪ್ಯಾಕೇಜುಗಳು ಒಂದೇ ಆವೃತ್ತಿಯವು ಇದ್ದರೆ ತಲೆನೋವು ಕಡಿಮೆ. ಎಸ್‌ಎಸ್‌ಎಚ್ ಕೀ ಹಾಕಿ, ಪಾಸ್‌ವರ್ಡ್ ಕೇಳದೆ ಲಾಗಿನ್ ಆಗುವಂತೆ ಮಾಡಿ. ಆಮೇಲೆ ‘ಮೇಕ್‌ಪಿಸಾಕ್‌ಕ್ಲಸ್ಟರ್’ ಫಂಕ್ಷನ್ನಿಗೆ ಮಷೀನುಗಳ ಹೆಸರು ಕೊಟ್ಟರಾಯ್ತು. ಒಂದೇ ಹೆಸರನ್ನು 4 ಸಲ ಬರೆದರೆ ಆ ಮಷೀನಿನಲ್ಲಿ 4 ವರ್ಕರ್ ಏಳುತ್ತವೆ.

ಬಹಳ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಲಾಗಿನ್ ಸರಿಯಾಗಿದೆ, ಆದ್ರೂ ಆರ್ ಉತ್ತರ ಕೊಡದೆ ನಿಂತುಬಿಡುತ್ತೆ. ಕಾರಣ ಏನಂದ್ರೆ, ಎಸ್‌ಎಸ್‌ಎಚ್‌ನ ಕೆಲಸ ಅಲ್ಲಿ ಆರ್ ಶುರು ಮಾಡೋದಷ್ಟೇ. ಹಾಗೆ ಶುರುವಾದ ವರ್ಕರ್ ತಾನೇ ತಿರುಗಿ ನಿಮ್ಮ ಮಷೀನಿಗೆ ಕರೆ ಮಾಡಬೇಕು. ಆ ಕರೆ ಬರೋದು 11000ರಿಂದ 11999ರೊಳಗಿನ ಯಾವುದೋ ಒಂದು ಪೋರ್ಟಿಗೆ. ನಿಮ್ಮ ಫೈರ್‌ವಾಲ್ ಅದನ್ನು ತಡೆದರೆ, ಅಥವಾ ನಿಮ್ಮ ಮಷೀನಿನ ಹೆಸರು ವರ್ಕರಿಗೆ ಗೊತ್ತಾಗದಿದ್ದರೆ, ನೀವು ಕಾಯ್ತಾನೇ ಇರ್ತೀರಿ.

ಪರಿಹಾರ: ‘ಮಾಸ್ಟರ್’ ಆರ್ಗ್ಯುಮೆಂಟಿನಲ್ಲಿ ನಿಮ್ಮ ಐಪಿ ವಿಳಾಸ ಕೊಡಿ, ‘ಪೋರ್ಟ್’ನಲ್ಲಿ ಒಂದು ಸಂಖ್ಯೆ ಗೊತ್ತುಮಾಡಿ, ಆ ಪೋರ್ಟನ್ನು ಲ್ಯಾಬಿನ ಮಷೀನುಗಳಿಗೆ ಮಾತ್ರ ತೆರೆಯಿರಿ. ಹಾಸ್ಟೆಲ್ ವೈಫೈನಂಥ ಕಡೆ ಇದು ಆಗದಿದ್ದರೆ ‘ಪ್ಯಾರಲಲಿ’ ಪ್ಯಾಕೇಜಿನ ‘ಮೇಕ್‌ಕ್ಲಸ್ಟರ್‌ಪಿಸಾಕ್’ ಬಳಸಿ. ಅದು ವಾಪಸ್ ಕರೆಯನ್ನೂ ಎಸ್‌ಎಸ್‌ಎಚ್ ಸುರಂಗದ ಒಳಗಿಂದಲೇ ತರುತ್ತೆ.

ಎದ್ದ ವರ್ಕರಿಗೆ ನಿಮ್ಮ ಡೇಟಾ ಗೊತ್ತಿರಲ್ಲ. ವೇರಿಯಬಲ್ಲುಗಳನ್ನು ‘ಕ್ಲಸ್ಟರ್‌ಎಕ್ಸ್‌ಪೋರ್ಟ್’ನಿಂದ ಕಳಿಸಿ, ಲೈಬ್ರರಿಗಳನ್ನು ‘ಕ್ಲಸ್ಟರ್‌ಇವಾಲ್‌ಕ್ಯೂ’ನಿಂದ ಲೋಡ್ ಮಾಡಿಸಿ. ರ‍್ಯಾಂಡಮ್ ಸಂಖ್ಯೆ ಬಳಸುವವರು ಮಾಮೂಲಿ ‘ಸೆಟ್.ಸೀಡ್’ ನಂಬಬೇಡಿ, ಅದು ನಿಮ್ಮ ಮಷೀನಿಗಷ್ಟೇ ಸೀಮಿತ. ‘ಕ್ಲಸ್ಟರ್‌ಸೆಟ್‌ಆರ್‌ಎನ್‌ಜಿಸ್ಟ್ರೀಮ್’ ಹಾಕದಿದ್ದರೆ ವೈವಾದಲ್ಲಿ ಅದೇ ಫಲಿತಾಂಶ ಮತ್ತೆ ತೋರಿಸೋಕಾಗಲ್ಲ.

ಇಷ್ಟಾದ ಮೇಲೆ ‘ಪಾರ್‌ಎಲ್‌ಅಪ್ಲೈ’. ಒಂದೊಂದು ಕೆಲಸವೂ ಕ್ಷಣದಲ್ಲಿ ಮುಗಿಯುವಂಥದ್ದಾದರೆ ಲಾಭವಿಲ್ಲ, ಕಳಿಸೋಕೇ ಹೆಚ್ಚು ಹೊತ್ತು ಹಿಡಿಯುತ್ತೆ. ಕೊನೆಗೆ ‘ಸ್ಟಾಪ್‌ಕ್ಲಸ್ಟರ್’ ಮರೀಬೇಡಿ, ಅದು ಬೇರೆಯವರೂ ಬಳಸುವ ಲ್ಯಾಬ್.

ಶುರುವಿಗೆ ಎರಡೇ ಮಷೀನು ಸಾಕು. ‘ಕ್ಲಸ್ಟರ್‌ಕಾಲ್’ನಿಂದ ‘ಸಿಸ್.ಇನ್ಫೋ’ ಓಡಿಸಿ. ಎರಡು ಬೇರೆ ಬೇರೆ ಹೆಸರು ಬಂದರೆ ದಾರಿ ತೆರೆದಿದೆ. ಉಳಿದ ಮಷೀನುಗಳನ್ನು ಪಟ್ಟಿಗೆ ಸೇರಿಸಿ.