ಹೆಸರು ಹೇಳದ ಹಿರಿಯ: ಜ್ಞಾನಸ್ನಾನದ ಪುಸ್ತಕದಲ್ಲೊಂದು ಹುಡುಕಾಟ

ನವೆಂಬರ್ 2ರ ಸಕಲ ಮೃತರ ದಿನದಂದು ಸಮಾಧಿಗಳ ಮೇಲೆ ಹೂವಿರಿಸಿ, ಮೇಣದಬತ್ತಿ ಹಚ್ಚಿ, ಅಗಲಿದ ಹಿರಿಯರ ಹೆಸರುಗಳನ್ನು ಬರೆದು ಪೂಜೆಯಲ್ಲಿ ಸ್ಮರಿಸುವಂತೆ ಗುರುಗಳಿಗೆ ಒಪ್ಪಿಸುವುದು ನಮ್ಮ ಕುಟುಂಬಗಳ ವಾಡಿಕೆ. ಆ ಪಟ್ಟಿಯನ್ನು ಬರೆಯುವ ಹೊತ್ತಿನಲ್ಲಿ ಮನೆಯ ಮಕ್ಕಳು ಕೆಲವೊಮ್ಮೆ ಕೇಳುವುದುಂಟು: “ಅಜ್ಜಿ, ತಾತನಿಗೆ ಇನ್ನೊಬ್ಬ ತಮ್ಮ ಇದ್ದರಂತಲ್ಲ, ಅವರ ಹೆಸರೇನು?” ಅಜ್ಜಿಯ ಮುಖ ಬಾಡುತ್ತದೆ. “ಅವನ ಸುದ್ದಿ ಈಗ ಯಾಕವ್ವ? ಮನೆಯ ಮಾನ ಕಳೆದು ಹೋದವನು” ಎಂದು ಮಾತು ಮುಗಿಸಿಬಿಡುತ್ತಾರೆ. ಪಟ್ಟಿಯಲ್ಲಿ ಆ ಹೆಸರು ಬರುವುದೇ ಇಲ್ಲ.

ಕಾವೇರಿಯ ದಡದ ಮುಳ್ಳೂರಿನಿಂದ ಹಿಡಿದು ಬೆಟ್ಟದ ಸೀಮೆಯ ಮಾರ್ಟಳ್ಳಿಯವರೆಗೆ, ಇಂತಹ ಒಬ್ಬ ಹಿರಿಯನಿಲ್ಲದ ಮನೆತನ ಅಪರೂಪವೆಂದೇ ಹೇಳಬೇಕು. ಸಾಲ ಮಾಡಿ ಓಡಿಹೋದವನು, ಜಮೀನಿನ ಪಾಲಿಗಾಗಿ ಅಣ್ಣನೊಡನೆ ಜಗಳವಾಡಿದವನು, ಹಿರಿಯರ ಮಾತು ಮೀರಿ ವಿವಾಹವಾದವನು. ಕತೆ ಯಾವುದೇ ಇರಲಿ, ಕೊನೆಗೆ ಉಳಿಯುವುದು ಮೌನ. ಆ ಮೌನವನ್ನು ಬಿಡಿಸಬಲ್ಲ ಸಾಧನವೊಂದು ನಮ್ಮ ದೇವಾಲಯಗಳ ಕಪಾಟುಗಳಲ್ಲೇ ಇದೆಯೆಂಬುದನ್ನು ಬಹು ಮಂದಿ ಅರಿಯರು.

ಜ್ಞಾನಸ್ನಾನ ಮತ್ತು ವಿವಾಹಗಳನ್ನು ಪ್ರತಿಯೊಂದು ಧರ್ಮಕೇಂದ್ರವೂ ಪುಸ್ತಕದಲ್ಲಿ ದಾಖಲಿಸಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಈ ಪುಸ್ತಕಗಳನ್ನು ಇಡುವುದನ್ನು ಮತ್ತು ಹಳೆಯವನ್ನು ಜೋಪಾನ ಮಾಡುವುದನ್ನು ಕಡ್ಡಾಯಗೊಳಿಸಿದೆ. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನ ತಂದೆತಾಯಿಯರ ಹೆಸರು, ಜನನ ಮತ್ತು ಜ್ಞಾನಸ್ನಾನದ ದಿನಾಂಕ, ಸಂಸ್ಕಾರವಿತ್ತ ಗುರುಗಳ ಸಹಿ: ಒಂದೆರಡು ಸಾಲುಗಳಲ್ಲಿ ಇಷ್ಟು ವಿಷಯ ಅಡಗಿರುತ್ತದೆ. ಮನೆಯ ಪೆಟ್ಟಿಗೆಯ ಕಾಗದಗಳು ಗೆದ್ದಲಿಗೂ, 1924ರಲ್ಲಿ ಉಕ್ಕಿದಂತಹ ಕಾವೇರಿಯ ನೆರೆಗೂ ಆಹುತಿಯಾಗಬಹುದು. ದೇವಾಲಯದ ಪುಸ್ತಕ ಉಳಿದಿರುವ ಸಂಭವ ಹೆಚ್ಚು.

ಆದರೆ ಓದುವವರು ಒಂದು ವಿಷಯವನ್ನು ಗಮನಿಸಬೇಕು. ಹಿಂದಿನ ದಾಖಲೆಗಳು ಲ್ಯಾಟಿನ್ ಭಾಷೆಯಲ್ಲಿರುತ್ತವೆ. ಮನೆಯಲ್ಲಿ ರಾಯಪ್ಪನೆಂದು ಕರೆಸಿಕೊಂಡವನು ಅಲ್ಲಿ ‘ಪೇತ್ರುಸ್’ ಆಗಿರಬಹುದು. ಚಿನ್ನಪ್ಪನು ‘ಪೌಲುಸ್’, ಅರುಳಪ್ಪನು ‘ಯೊವಾನ್ನೆಸ್’, ಚೌರಪ್ಪನು ‘ಕ್ಸವೇರಿಯುಸ್’, ಇನ್ನಾಸಪ್ಪನು ‘ಇಗ್ನಾತಿಯುಸ್’. ಮನೆಯ ಹೆಸರನ್ನೇ ಹುಡುಕಿ ಸಿಗಲಿಲ್ಲವೆಂದು ಹಿಂದಿರುಗಿದವರು ಇನ್ನೊಮ್ಮೆ ನೋಡುವುದು ಒಳಿತು.

ಎಲ್ಲಕ್ಕಿಂತ ಬೆಲೆಬಾಳುವುದು ಪುಟದ ಅಂಚು. ಹತ್ತನೆಯ ಭಕ್ತಿನಾಥರ ಕಾಲದಲ್ಲಿ, 1907ರಲ್ಲಿ ಹೊರಟ ‘ನೇ ತೇಮೆರೆ’ ಎಂಬ ಆಜ್ಞೆಯು 1908ರ ಈಸ್ಟರ್ ಹಬ್ಬದಿಂದ ಜಾರಿಗೆ ಬಂದಿತು. ಅದರಂತೆ, ಒಬ್ಬನು ಎಲ್ಲಿಯೇ ವಿವಾಹವಾದರೂ ಅಲ್ಲಿನ ಗುರುಗಳು ಅವನು ಜ್ಞಾನಸ್ನಾನ ಪಡೆದ ಧರ್ಮಕೇಂದ್ರಕ್ಕೆ ತಿಳಿಸಬೇಕು. ಆ ವಿವಾಹವನ್ನು ಅವನ ಜ್ಞಾನಸ್ನಾನದ ದಾಖಲೆಯಲ್ಲಿಯೂ ಬರೆಯಬೇಕು. ಹೀಗಾಗಿ, ಮನೆಯವರಿಗೆ ಒಂದು ಕಾಗದವನ್ನೂ ಬರೆಯದೆ ಮರೆಯಾದವನು ಕೋಲಾರದ ಚಿನ್ನದ ಗಣಿಯಲ್ಲೋ ನೀಲಗಿರಿಯ ತೋಟದಲ್ಲೋ ಕೊಲಂಬೊದಲ್ಲೋ ದೇವಾಲಯದಲ್ಲಿ ಕೈಹಿಡಿದ ಸಂಗತಿ, ಅವನ ಹುಟ್ಟೂರಿನ ಪುಸ್ತಕದ ಅಂಚಿನಲ್ಲಿ ಸದ್ದಿಲ್ಲದೆ ಕುಳಿತಿರಬಹುದು. ಮನೆಯವರು ಸತ್ತನೆಂದು ಬಗೆದಿದ್ದವನಿಗೆ ಮಡದಿ ಮಕ್ಕಳಿದ್ದರೆಂದು ಆ ಒಂದು ಸಾಲು ಹೇಳಬಲ್ಲುದು.

ಈ ಸೀಮೆಯವರು ಹುಡುಕಾಟಕ್ಕೆ ಹೊರಡುವಾಗ ಇನ್ನೊಂದನ್ನು ಮರೆಯಬಾರದು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅನಂತರ ಮೈಸೂರು ಜಿಲ್ಲೆಗೂ 1997ರಲ್ಲಿ ಚಾಮರಾಜನಗರ ಜಿಲ್ಲೆಗೂ ಸೇರಿತು. ಯಳಂದೂರು ಮಾತ್ರ ಮೊದಲಿನಿಂದಲೂ ಮೈಸೂರು ಸಂಸ್ಥಾನದಲ್ಲಿತ್ತು. ಮೈಸೂರು ಧರ್ಮಪ್ರಾಂತ್ಯ ರಚನೆಯಾದದ್ದು 1940ರಲ್ಲಿ. ಆದುದರಿಂದ ಇಲ್ಲಿ ಸಿಗದ ಹಳೆಯ ಕಾಗದಕ್ಕಾಗಿ ಕೊಯಮತ್ತೂರು, ಚೆನ್ನೈಗಳ ಕಡೆಗೂ ವಿಚಾರಿಸಬೇಕಾಗುತ್ತದೆ.

ಇನ್ನೂ ದೂರ ಹೋದವರೂ ಉಂಟು. 1860ರಲ್ಲಿ ಮದರಾಸಿನಿಂದ ಹೊರಟ ‘ಟ್ರೂರೊ’ ಹಡಗು ನವೆಂಬರ್ 16ರಂದು ದಕ್ಷಿಣ ಆಫ್ರಿಕದ ಡರ್ಬನ್ ಸೇರಿತು. 1911ರವರೆಗೆ ಕರಾರಿನ ಕೂಲಿಗಳಾಗಿ ಭಾರತದಿಂದ ನೇಟಾಲಿಗೆ ಹೋದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಆ ಹಡಗುಗಳ ಪಟ್ಟಿಗಳಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಿಲ್ಲೆ, ಊರು, ಮೈಮೇಲಿನ ಗುರುತುಗಳು ದಾಖಲಾಗಿವೆ. ಜಾತಿಯ ಕಾಲಂನಲ್ಲಿ ‘ಕ್ರೈಸ್ತ’ ಎಂದು ಬರೆಸಿದವರೂ ಇದ್ದಾರೆ.

ಹೋದವರೆಲ್ಲ ತಪ್ಪಿತಸ್ಥರೇ? 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಹೊಟ್ಟೆಯ ಉರಿಗೆ ಊರು ಬಿಟ್ಟವರನ್ನು ನೆನೆಯೋಣ. ಅದಕ್ಕೂ ಹಿಂದೆ, 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ, ಬಲಾತ್ಕಾರದಿಂದ ಮತ ಬಿಡಬೇಕಾದವರನ್ನು ನೆನೆಯೋಣ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅಂಥವರನ್ನು ಮತ್ತೆ ಧರ್ಮಸಭೆಗೆ ಬರಮಾಡಿಕೊಳ್ಳುವ ಕಾರ್ಯದಲ್ಲಿ ಅಬ್ಬೆ ದುಬುವಾ ಸ್ವಾಮಿಗಳು ಶ್ರಮಿಸಿದರು. ಅವರು ಮೊದಲು ತೆರೆದದ್ದು ಬಾಗಿಲನ್ನು. ಕಳಂಕವೆಂದು ನಾವು ಮುಚ್ಚಿಟ್ಟದ್ದು ಎಷ್ಟೋ ಸಲ ಹಸಿವೋ ಭಯವೋ ಆಗಿರುತ್ತದೆ. ಸಾಲು ಓದುವವರೆಗೆ ಅದು ತಿಳಿಯುವುದಿಲ್ಲ.

ಮಂಗಳೂರು ಕಥೋಲಿಕ ಮನೆತನಗಳ ವಂಶಾವಳಿಯನ್ನು ವರ್ಷಗಟ್ಟಲೆ ದುಡಿದು ಸಂಗ್ರಹಿಸಿದ ಮೈಕೆಲ್ ಲೋಬೊ ಅವರ ಕೆಲಸ ನಮಗೆ ಮೇಲ್ಪಂಕ್ತಿ. ಅಷ್ಟು ದೊಡ್ಡ ಕಾರ್ಯ ಎಲ್ಲರಿಗೂ ಸಾಧ್ಯವಾಗದು. ಮೊದಲು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ; ಅವರ ನೆನಪು ನಾಳೆಗೆ ಕಾಯದು. ಬಳಿಕ ಸಮಾಧಿಯ ಕಲ್ಲುಗಳನ್ನು ನೋಡಿ. ಅನಂತರ ಅಂದಾಜು ವರ್ಷವನ್ನು ಗುರುತಿಸಿಕೊಂಡು ಧರ್ಮಕೇಂದ್ರದ ಗುರುಗಳನ್ನು ವಿನಯದಿಂದ ಕೇಳಿಕೊಳ್ಳಿ. ತಂದೆಯ ಹೆಸರಿಲ್ಲದ ದಾಖಲೆಯೊಂದು ಎದುರಾದರೆ ಬಾಯಿಗೆ ಬೀಗವಿರಲಿ. ಬದುಕಿರುವವರ ಮನಸ್ಸು ನೋಯಿಸುವ ಸತ್ಯವನ್ನು ಜಗಲಿಯ ಮಾತಾಗಿಸುವುದು ಹುಡುಕಾಟವಲ್ಲ, ಚಾಡಿ.

ಸಂತ ಮತ್ತಾಯನು ತನ್ನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿಯೇ ಪ್ರಭುವಿನ ವಂಶಾವಳಿಯನ್ನು ಬರೆದಿದ್ದಾನೆ. ಅಲ್ಲಿ ತಾಮಾರಳಿದ್ದಾಳೆ, ರಾಹಾಬಳಿದ್ದಾಳೆ. ದಾವೀದನ ಪಾಪವನ್ನು ನೆನಪಿಸುವಂತೆ ಊರಿಯನ ಹೆಂಡತಿಯ ಉಲ್ಲೇಖವೂ ಇದೆ. ಶುಭಸಂದೇಶಕಾರನು ಅಳಿಸದ ಹೆಸರುಗಳನ್ನು ನೋಡಿದ ಮೇಲೂ ನಮ್ಮ ಮನೆಯ ಒಂದು ಹೆಸರನ್ನು ಅಳಿಸಲು ನಾವು ಯಾರು?

ಬರುವ ಸಕಲ ಮೃತರ ದಿನದ ಪಟ್ಟಿಯಲ್ಲಿ ಒಂದು ಸಾಲನ್ನು ಖಾಲಿ ಬಿಟ್ಟಿಡಿ. ಅದನ್ನು ತುಂಬಲು ಅಜ್ಜಿಯನ್ನು ಇನ್ನೊಮ್ಮೆ, ಮೆಲ್ಲಗೆ ಕೇಳಿ.