ಪಾಠದ ವಾರಾನ್ನ

ಪರಸ್ಥಳದಿಂದ ಓದಲು ಬಂದ ಬಡ ಹುಡುಗನು ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಮತ್ತೊಬ್ಬರ ಮನೆಯಲ್ಲಿ ಉಂಡು, ಏಳು ಮನೆಗಳ ಅನ್ನದ ಋಣದಿಂದ ವಿದ್ಯಾವಂತನಾಗುತ್ತಿದ್ದ ಪದ್ಧತಿಯನ್ನು ನಮ್ಮ ಹಿರಿಯರು ವಾರಾನ್ನವೆಂದು ಕರೆದರು. ಇಂದು ದಾವಣಗೆರೆಯ ನಿಟ್ಟುವಳ್ಳಿಯ ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಅನ್ನವು ಹೇಗೋ ದೊರೆಯುತ್ತದೆಯಾದರೂ, ತರಗತಿಯಲ್ಲಿ ಅರ್ಥವಾಗದೆ ಉಳಿದ ಪಾಠಕ್ಕಾಗಿ ಅವನು ಈಗಲೂ ನಾಲ್ಕಾರು ಬಾಗಿಲುಗಳನ್ನು ತಟ್ಟಬೇಕಾಗಿದೆ.

ಹತ್ತಿಗಿರಣಿಗಳಿಂದ ಹೆಸರಾದ ಈ ನಗರದಲ್ಲಿ 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜೂ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ಆರಂಭವಾದವು. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿದ ಸಂಸ್ಥೆಯು, ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಬೆಳೆದು, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಗಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ನೆಲೆನಿಂತಿತು. ಸುತ್ತಲಿನ ಹಳ್ಳಿಗಳಿಂದ ಇಲ್ಲಿಗೆ ಬರುವ ತರುಣ ತರುಣಿಯರ ಕಷ್ಟವು ಬಹುಮಟ್ಟಿಗೆ ವಿಷಯದ್ದಲ್ಲ, ಭಾಷೆಯದು: ಹೈಸ್ಕೂಲಿನಲ್ಲಿ ಜಡತ್ವವನ್ನು ಸೊಗಸಾಗಿ ವಿವರಿಸಿದ್ದ ಹುಡುಗಿಯೇ ‘ಇನರ್ಷಿಯಾ’ ಎಂಬ ಶಬ್ದದೆದುರು ಅಪರಿಚಿತಳಂತೆ ನಿಲ್ಲುತ್ತಾಳೆ.

ತಟ್ಟಬೇಕಾದ ಮೊದಲ ಬಾಗಿಲು ಅಧ್ಯಾಪಕರದೇ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪರಿಹಾರ ಬೋಧನೆಗೆ ನೆರವಿತ್ತದ್ದುಂಟು. ವಾರಾನ್ನದ ಬಾಗಿಲುಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನು ನೆನೆದರೆ, ಇದು ಸಣ್ಣ ಮಾತಲ್ಲ. ಆದರೆ ಆ ತರಗತಿಗೆ ಹುಡುಗರು ತಾವೇ ‘ದಡ್ಡರ ಕ್ಲಾಸು’ ಎಂದು ಹೆಸರಿಟ್ಟುಕೊಂಡರೆ, ಹೋಗಬೇಕಾದವನೇ ಹೋಗನು. ಲಜ್ಜೆಯುಳ್ಳವನಿಗೆ ಮೊಬೈಲೇ ಗುರು: ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ತೊಡಗಿದ ಎನ್‌ಪಿಟೆಲ್‌ನ ಉಪನ್ಯಾಸಗಳನ್ನು ಯಾರು ಬೇಕಾದರೂ ಉಚಿತವಾಗಿ ಕೇಳಬಹುದು; ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಒಂದು ಪಾಠವನ್ನು ಹತ್ತು ಸಲ ಹೇಳಿಯೂ ಬೇಸರಿಸದ ಈ ಗುರುವಿಗೆ, ಶಿಷ್ಯನ ಹುಬ್ಬು ಗಂಟಿಕ್ಕಿದ್ದು ಮಾತ್ರ ಕಾಣುವುದಿಲ್ಲ.

ಅದು ಕಾಣುವುದು ಪಕ್ಕದ ಕೋಣೆಯ ಸೀನಿಯರ್ ಅಣ್ಣನಿಗೆ. ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳ ಜೆರಾಕ್ಸ್ ಕಟ್ಟು, ಮೂಲೆ ಮಡಿಸಿದ ನೋಟ್ಸು, ಕನ್ನಡದ ವಾಕ್ಯದ ನಡುವೆ ಇಂಗ್ಲಿಷಿನ ಪಾರಿಭಾಷಿಕ ಪದವನ್ನು ನೋವಾಗದಂತೆ ಕೂರಿಸುವ ಆ ಮಾತು—ಇಂತಹ ಬೋಧನೆಗೆ ಯಾವ ಪದವಿಯೂ ಇಲ್ಲ. ದಕ್ಷಿಣೆಯೆಂದರೆ ಸಂಜೆಯ ಮಂಡಕ್ಕಿ ಮೆಣಸಿನಕಾಯಿ. ನಿಷ್ಠುರವಾಗಿ ಹೇಳುವುದಾದರೆ ಈ ಅಣ್ಣಂದಿರು ಪಾಸಾಗುವಷ್ಟನ್ನೇ ಕಲಿಸಿ ಉಳಿದುದನ್ನು ಬಿಡುವುದೂ ಉಂಟು, ಅವರ ತಪ್ಪುಗಳೂ ನೋಟ್ಸಿನೊಡನೆ ಕೋಣೆಯಿಂದ ಕೋಣೆಗೆ ಇಳಿದುಬರುವುದೂ ಉಂಟು. ಆದರೂ ಪರೀಕ್ಷೆಯ ಮುನ್ನಾದಿನಗಳ ರಾತ್ರಿ, “ಅಣ್ಣಾ, ಈ ಸ್ಟೆಪ್ಪು ಎಲ್ಲಿಂದ ಬಂತು?” ಎಂದು ಕಿರಿಯನು ಕೇಳಿದಾಗ, ಎರಡು ವರ್ಷದಿಂದ ಅದನ್ನು ಬಾಯಿಪಾಠವಾಗಿಯೇ ಬರೆದುಬಂದಿದ್ದ ಅಣ್ಣನು ತುಸು ಹೊತ್ತು ಸುಮ್ಮನಿದ್ದು, ಹಾಳೆಯನ್ನು ತನ್ನತ್ತ ಎಳೆದುಕೊಂಡು, ಮೊದಲ ಸಾಲಿನಿಂದ ಪುನಃ ಬರೆಯತೊಡಗುತ್ತಾನೆ.